ಥಂಡಿ ಯಾರ ಪಾಲಿಗೆ?

"ಹೆಣ ಒಳಗೆ ಹೋದರೆ ನಮ್ಮ ತರಕಾರಿ ಇನ್ನು ಯಾವ ಸಂತೆಗೂ ಹೋಗೋದಿಲ್ಲ. ಅರ್ಥ ಆಯ್ತಾ ನಿಮಗೆ?"

ಹೀಗೆ ಕೇಳಿದವಳು ಪೈಡಮ್ಮ. ಕೋಲ್ಡ್ ಸ್ಟೋರೇಜಿನ ಬಾಗಿಲಿಗೆ ಬೆನ್ನು ಆನಿಸಿ, ಎರಡೂ ಕೈ ಅಗಲಿಸಿ ನಿಂತಿದ್ದಳು. ಎದುರಿಗೆ ಅರ್ಧ ಊರು ನಿಂತಿತ್ತು. ಆ ಅರ್ಧ ಊರಿನಲ್ಲಿ ನಾನೂ ಇದ್ದೆ. ತೀರಿಕೊಂಡಿದ್ದವಳು ಯಾರೋ ದಾರಿಹೋಕಳಲ್ಲ. ಪೈಡಮ್ಮನ ಪಕ್ಕದ ಹೊಲದವಳು. ಹಿಂದಿನ ದಿನವಷ್ಟೇ ಅವಳ ಜೊತೆ ಕ್ರೇಟು ಹೊತ್ತವಳು.

ಪೈಡಮ್ಮ ಕಲ್ಲೆದೆಯವಳೇ? ಆ ಕ್ಷಣ ನನಗೆ ಹಾಗೇ ಅನ್ನಿಸಿತು. ನಿಮಗೂ ಅನ್ನಿಸಿದರೆ ತಪ್ಪಿಲ್ಲ. ಆದರೆ ಪೂರ್ತಿ ಕೇಳಿ.

ನನ್ನ ತಂಗಿ ಶಶಿಕಲಾ ಇರುವುದು ವಿಶಾಖಪಟ್ಟಣದಿಂದ ಭೀಮಿಲಿ ದಾಟಿ ಮುಂದಕ್ಕೆ ಹೋದರೆ ಸಿಗುವ ಒಂದು ಸಣ್ಣ ಊರಿನಲ್ಲಿ. ಅವಳ ಗಂಡ ಬಸವರಾಜ ನೇವಿಯಲ್ಲಿ ಹಡಗಿನ ಇಂಜಿನ್ ನೋಡಿಕೊಳ್ಳುತ್ತಿದ್ದವನು. ರಿಟೈರ್ ಆದ ಮೇಲೆ ಧಾರವಾಡಕ್ಕೆ ಬರುತ್ತಾರೆ ಎಂದು ನಾವೆಲ್ಲ ಕಾದದ್ದೇ ಬಂತು. ಇಬ್ಬರೂ ಸಮುದ್ರ ಬಿಟ್ಟು ಬರಲೊಲ್ಲೆವೆಂದು ಅಲ್ಲೇ ಒಂದು ತುಂಡು ಜಾಗ ಕೊಂಡು ನಿಂತುಬಿಟ್ಟರು. (ನಾನೇನು ಕಡಿಮೆ? ವಿಜಯವಾಡದ ಮನೆಗೆ ಸೊಸೆಯಾಗಿ ಬಂದವಳು, ಈಗ ಗವರ್ನರ್‌ಪೇಟೆಯ ಆಟೋಗಳ ಹಾರ್ನ್ ಕೇಳದಿದ್ದರೆ ಊರಲ್ಲಿ ಬಂದ್ ಇದೆಯೇನೋ ಎಂದು ಕಿಟಕಿ ತೆಗೆದು ನೋಡುತ್ತೇನೆ.)

ಆ ಊರಿನ ಹೆಂಗಸರು ಬದನೆಕಾಯಿ, ಅವರೆಕಾಯಿ, ಟೊಮೆಟೊ, ಸೊಪ್ಪು ಬೆಳೆಯುತ್ತಾರೆ. ವ್ಯಾನು ಒಂದು ದಿನ ಬರಲಿಲ್ಲವೆಂದರೆ ಸೊಪ್ಪು ಸತ್ತಂತೆ. ಎರಡು ದಿನ ಬರಲಿಲ್ಲವೆಂದರೆ ಟೊಮೆಟೊ. ಶಶಿ ಅಲ್ಲಿಗೆ ಹೋದ ಹೊಸದರಲ್ಲಿ ಫೋನ್ ಮಾಡಿ, "ಅಕ್ಕಾ, ರಸ್ತೆ ಬಾಜೂಕ ಬದನಿಕಾಯಿ ಗುಡ್ಡಿ ಹಾಕ್ಯಾರ. ದನಾನೂ ತಿನ್ನವಲ್ವು" ಎಂದು ಸಂಕಟಪಟ್ಟಿದ್ದಳು. ಆಮೇಲೆ ಅವಳೂ ಪೈಡಮ್ಮನೂ ಸೇರಿ ಹೆಂಗಸರ ಒಂದು ಸಂಘ ಕಟ್ಟಿದರು. ಸಾಲ, ಸಬ್ಸಿಡಿ ಎಂದೆಲ್ಲ ಓಡಾಡಿ ಒಂದು ಸೋಲಾರ್ ಕೋಲ್ಡ್ ರೂಮ್ ತರಿಸಿದರು.

ನೋಡಲು ಲಾರಿಯಿಂದ ಇಳಿಸಿಟ್ಟ ಬಿಳಿ ಕಂಟೇನರಿನ ಹಾಗಿದೆ. ತಲೆಯ ಮೇಲೆ ಸೋಲಾರ್ ಪ್ಯಾನೆಲ್. ಕರೆಂಟಿನ ಕಂಬದಿಂದ ಅದಕ್ಕೆ ಒಂದು ವೈರೂ ಇಲ್ಲ. ಡೀಸೆಲ್ ಜನರೇಟರೂ ಇಲ್ಲ. ಬಿಸಿಲು ಬಿದ್ದಾಗ ಮೆಷಿನ್ ಓಡುತ್ತದೆ. ಒಳಗೆ ಗೋಡೆಗುಂಟ ನೀಲಿ ಪ್ಲಾಸ್ಟಿಕ್ಕಿನ ದಪ್ಪ ಹಲಗೆಗಳಿವೆ, ಅವುಗಳ ಹೊಟ್ಟೆಯಲ್ಲಿ ಉಪ್ಪುನೀರಿನಂಥ ದ್ರಾವಣ. ಹಗಲೆಲ್ಲ ಅದು ಹೆಪ್ಪುಗಟ್ಟುತ್ತದೆ. ಬಿಸಿಲು ಹೋದ ಮೇಲೆ ಆ ಹಲಗೆಗಳೇ ಕೋಣೆಯನ್ನು ತಣ್ಣಗಿಡುತ್ತವೆ. ಅಂದರೆ ಹಗಲಿನ ಥಂಡಿಯನ್ನು ರಾತ್ರಿಗೆ ಎತ್ತಿಡುವ ಕಪಾಟು ಅದು.

ಉದ್ಘಾಟನೆಯ ದಿನ ಕಂಪನಿಯ ಇಂಜಿನಿಯರ್ ಭಾಷಣ ಮಾಡಿದ್ದನಂತೆ. ಕೊಳೆತ ತರಕಾರಿಯಿಂದ ಗ್ಯಾಸ್ ಬರುತ್ತದೆ, ಆ ಗ್ಯಾಸಿನಿಂದ ಭೂಮಿ ಕಾಯುತ್ತದೆ, ಭೂಮಿ ಕಾದರೆ ಸಮುದ್ರ ಕಾಯುತ್ತದೆ, ಸಮುದ್ರ ಕಾದರೆ ಚಂಡಮಾರುತ. ಅದನ್ನು ಕೇಳಿ ಪೈಡಮ್ಮ, "ಹಾಗಾದರೆ ಹುಡ್‌ಹುಡ್ ಬಂದದ್ದು ನನ್ನ ವಂಕಾಯಿಂದಲಾ ಬಾಬೂ?" ಎಂದು ಕೇಳಿದ್ದಳಂತೆ. ಎಲ್ಲರೂ ನಕ್ಕರಂತೆ. ವಂಕಾಯ ಎಂದರೆ ಬದನೆಕಾಯಿ. ಹುಡ್‌ಹುಡ್ ಹಿಂದೊಮ್ಮೆ ಆ ಕರಾವಳಿಯನ್ನೆಲ್ಲ ಬಡಿದು ಹೋದ ಚಂಡಮಾರುತ.

ನಾನೂ ನಕ್ಕಿದ್ದೆ, ಫೋನಿನಲ್ಲಿ. ನಮ್ಮ ಊರಿನ ಒನ್ ಟೌನ್ ಬಡಾವಣೆಯ ಸಗಟು ಮಾರುಕಟ್ಟೆಯ ಹಿಂದೆ ದಿನಾ ಬೆಳಿಗ್ಗೆ ಟ್ರ್ಯಾಕ್ಟರಿಗೆ ಕೊಳೆತ ಟೊಮೆಟೊ ತುಂಬುವುದನ್ನು ಮೂಗು ಮುಚ್ಚಿಕೊಂಡು ದಾಟಿ ಹೋಗುವವಳು ನಾನು. ಅದಕ್ಕೂ ಆಕಾಶಕ್ಕೂ ಸಂಬಂಧ ಇದೆಯೆಂದು ಯಾವತ್ತಾದರೂ ಯೋಚಿಸಿದ್ದೆನೆ?

ಈ ಸಲ ತಂಗಿಯ ಮನೆಗೆ ಹೋದವಳು ಗಾಳಿಮಳೆಗೆ ಸಿಕ್ಕಿಬಿದ್ದೆ.

ಹುಡ್‌ಹುಡ್ ನೋಡಿದ ಊರು ಅದು. ಹೆದರಿಕೆ ಎಲ್ಲರಿಗೂ ಗೊತ್ತು, ಹೆದರಿ ಕೂರುವುದು ಯಾರಿಗೂ ಗೊತ್ತಿಲ್ಲ. ಟಿವಿಯಲ್ಲಿ ಸುದ್ದಿ ಬಂದದ್ದೇ ತಡ, ಬಸವರಾಜ ಸ್ಪ್ಯಾನರ್ ಹಿಡಿದು ಕಂಟೇನರ್ ಹತ್ತಿದ. ಪ್ಯಾನೆಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ಇಳಿಸಿದರು. ನಾನು ಮಲಗುವ ಮಂಚದ ಕೆಳಗೂ ಎರಡು ಬಂದವು. ಹೆಂಗಸರು ಹೊಲದಲ್ಲಿದ್ದ ಬದನೆ, ಅವರೆ, ಟೊಮೆಟೊ, ಸೊಪ್ಪು ಎಲ್ಲವನ್ನೂ ಕಿತ್ತರು. ಎಳೆಯದು ಬಲಿತದ್ದು ನೋಡದೆ ಕಿತ್ತು ಕೋಲ್ಡ್ ರೂಮಿಗೆ ತುಂಬಿದರು. ಬಿಟ್ಟರೆ ಗಾಳಿಯ ಪಾಲು.

ಅವರಲ್ಲಿ ಅಪ್ಪಯಮ್ಮ ಎಂಬಾಕೆ ಒಬ್ಬಳು. ನಲವತ್ತು ದಾಟಿದವಳು, ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ದೇವಿ ವಿಜಯವಾಡದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಶಶಿ ಹೇಳಿದ್ದರಿಂದ ಆ ಹುಡುಗಿ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಾಳೆ. ನನ್ನ ಸಾರಿನಲ್ಲಿ ಖಾರ ಸಾಲದೆಂದು ಮುಖಕ್ಕೇ ಹೇಳುತ್ತಾಳೆ. ನನಗೆ ಹೆಣ್ಣುಮಕ್ಕಳಿಲ್ಲ. ಅವಳು ಹಾಗೆ ಹೇಳುವುದು ನನಗೆ ಇಷ್ಟ.

ಅಪ್ಪಯಮ್ಮ ಕ್ರೇಟು ಹೊರುತ್ತಲೇ ನನ್ನನ್ನು ಕೇಳಿದ್ದಳು, "ನಮ್ಮ ಹುಡುಗಿ ಸರಿಯಾಗಿ ತಿನ್ನುತ್ತಾಳಾ ಅಮ್ಮಾ?"

"ತಿನ್ನೋದಷ್ಟೇ ಅಲ್ಲ, ಅಡುಗೆಗೆ ಹೆಸರೂ ಇಡ್ತಾಳೆ" ಎಂದಿದ್ದೆ. ಹೆಮ್ಮೆಯಿಂದ ನಕ್ಕಿದ್ದಳು.

ಗಾಳಿ ಬಂತು, ಬಡಿಯಿತು, ಹೋಯಿತು. ಹುಡ್‌ಹುಡ್‌ನಷ್ಟಲ್ಲ ಎಂದರು. ಆದರೆ ಬೆಳಗಾಗಿ ನೋಡಿದರೆ ಕರೆಂಟಿನ ಕಂಬಗಳು ಸಾಲಾಗಿ ಮಲಗಿದ್ದವು. ಊರಿಗಿದ್ದ ಒಂದೇ ರಸ್ತೆಯ ಮೋರಿಯನ್ನು ಗೆಡ್ಡ ಹೊತ್ತುಕೊಂಡು ಹೋಗಿತ್ತು (ಅಲ್ಲಿ ಹಳ್ಳಕ್ಕೆ ಗೆಡ್ಡ ಎನ್ನುತ್ತಾರೆ). ಆಚೆ ದಡದಲ್ಲಿ ಭೀಮಿಲಿ, ವೈಜಾಗ್, ಆಸ್ಪತ್ರೆ, ಐಸ್ ಫ್ಯಾಕ್ಟರಿ. ಈಚೆ ದಡದಲ್ಲಿ ನಾವು.

ಬಸವರಾಜ ಬೆಳಿಗ್ಗೆಯೇ ಪ್ಯಾನೆಲ್ ಕೂರಿಸಲು ಶುರುಮಾಡಿದ. ಮೋಡದ ಸಂದಿಯಿಂದ ಬಿಸಿಲು ಇಣುಕಿತು. ಮೆಷಿನ್ ಗುಂಯ್ ಅಂದಿತು. ಇಡೀ ಊರಿನಲ್ಲಿ ಸದ್ದು ಮಾಡುತ್ತಿದ್ದ ಯಂತ್ರ ಅದೊಂದೇ. ಹೆಂಗಸರು ಚಪ್ಪಾಳೆ ತಟ್ಟಿದರು. ಜನ ಮೊಬೈಲ್ ಚಾರ್ಜಿಗೆ ತಂದರು.

ಆ ಚಪ್ಪಾಳೆಯಾಗಿ ಸ್ವಲ್ಪ ಹೊತ್ತಿಗೆ ಅಪ್ಪಯಮ್ಮ ಎದೆ ಹಿಡಿದುಕೊಂಡು ತನ್ನ ಅಂಗಳದಲ್ಲಿ ಕೂತಳು. ಬಿದ್ದ ನುಗ್ಗೆಮರದ ಕೊಂಬೆ ಎಳೆಯುತ್ತಿದ್ದಳಂತೆ. ನೀರು ಕೇಳಿದಳು. ತರುವಷ್ಟರಲ್ಲಿ ಒರಗಿದ್ದಳು. ಊರಿನಲ್ಲಿ ಸಣ್ಣಪುಟ್ಟ ವೈದ್ಯ ಮಾಡುವ ಡಾಕ್ಟರ್ ಒಬ್ಬರಿದ್ದರು. ಓಡಿ ಬಂದು ಎದೆ ಒತ್ತಿದರು, ಒತ್ತಿದರು, ಕೊನೆಗೆ ಕೈ ಎತ್ತಿದರು.

ಮಗಳಿಗೆ ಹೇಳುವವರು ಯಾರು? ಎಲ್ಲರೂ ನನ್ನ ಮುಖ ನೋಡಿದರು. "ಅವಳು ನಿಮ್ಮ ಊರಲ್ಲೇ ಇರೋದಲ್ವಾ ಅಮ್ಮಾ."

ಸಿಗ್ನಲ್ ಸಿಗುತ್ತಿದ್ದದ್ದು ಊರಾಚೆಯ ದಿಬ್ಬದ ಮೇಲೆ ಮಾತ್ರ. ಹತ್ತಿ ಹೋಗಿ ಫೋನ್ ಮಾಡಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಆಮೇಲೆ ಆ ಹುಡುಗಿ ಅಳದೆ ಕೇಳಿದಳು, "ಆಂಟಿ, ನಾನು ಬರೋವರೆಗೂ ಅಮ್ಮನ್ನ ಇಟ್ಟಿರ್ತೀರಾ? ಮುಖ ನೋಡಬೇಕು ಆಂಟಿ."

"ಇಟ್ಟಿರ್ತೀವಿ ತಾಯಿ. ನೀನು ಬಾ" ಎಂದುಬಿಟ್ಟೆ.

ಯಾರನ್ನು ಕೇಳಿ ಹೇಳಿದೆ? ಯಾರನ್ನೂ ಅಲ್ಲ. ದಿಬ್ಬ ಇಳಿಯುವಾಗ ಹೊಳೆಯಿತು. ರೈಲುಗಳು ತಡವಾಗಿ ಓಡುತ್ತಿದ್ದವು, ಹಳಿಯ ಮೇಲೆ ನೀರು. ಅವಳು ಸಂಜೆ ಹತ್ತಿದರೂ ಬಂದು ಮುಟ್ಟುವುದು ಮರುದಿನ ಮಧ್ಯಾಹ್ನ. ಗಾಳಿ ಹೋದ ಮೇಲಿನ ಆ ಸೆಕೆ ನಿಮಗೆ ಗೊತ್ತಿರಬೇಕು, ಕೂತಲ್ಲೇ ಮೈ ಹಿಂಡಿದಂತೆ. ಹಿರಿಯರು ಆಗಲೇ ಹೇಳುತ್ತಿದ್ದರು, ಸಂಜೆಯೊಳಗೆ ಮಣ್ಣು ಮಾಡಬೇಕು.

ಅಪ್ಪಯಮ್ಮನ ಮೈದುನ ಎರ್ರಯ್ಯ ನನ್ನ ಮಾತು ಕೇಳಿದ್ದೇ ಕೋಲ್ಡ್ ರೂಮಿನ ಕಡೆ ಕೈ ತೋರಿಸಿದ. "ಅದರಲ್ಲಿಡೋಣ. ಊರಿಗೆಲ್ಲ ಇರೋ ಥಂಡಿ ಅದೊಂದೇ. ನಮ್ಮ ಅತ್ತಿಗೆ ಹೊತ್ತ ಕ್ರೇಟೂ ಅಲ್ಲಿದೆ. ಅವಳಿಗೆ ಅಲ್ಲಿ ಜಾಗ ಇಲ್ಲವಾ?"

ಆಗಲೇ ಪೈಡಮ್ಮ ಬಾಗಿಲಿಗೆ ಅಡ್ಡ ನಿಂತದ್ದು.

"ಜಾಗ ಇದೆ ಎರ್ರಯ್ಯಾ. ನಾಳೆ? ನಾಳೆ ಸಂತೆಯಲ್ಲಿ ಹೆಣದ ಪಕ್ಕ ಮಲಗಿದ ವಂಕಾಯ ಅಂತಾರೆ. ನೀನು ಕೊಳ್ತೀಯಾ? ನಿನ್ನ ಹೆಂಡತಿ ಬೇಯಿಸ್ತಾಳಾ?"

"ಅವಳು ನಿನ್ನ ಗೆಳತಿ ಕಣೇ!"

"ಗೆಳತಿ. ಅದಕ್ಕೇ ಹೇಳ್ತಿದೀನಿ. ಅವಳ ಅವರೆಕಾಯಿಯೂ ಒಳಗಿದೆ. ಅದು ಮಾರಿದರೆ ತಾನೇ ಅವಳ ಮಗಳ ಹಾಸ್ಟೆಲ್ಲು?"

ಯಾರೋ ಬೈದರು. ಯಾರೋ ಅತ್ತರು. ಎರ್ರಯ್ಯ ಮುಂದೆ ಬಂದು ಅವಳ ತೋಳಿಗೆ ಕೈ ಹಾಕಿದ. ಪೈಡಮ್ಮ ಅಲ್ಲಾಡಲಿಲ್ಲ. "ಮುಟ್ಟು ನೋಡೋಣ" ಎಂದಳು. ಹಿಂದಿದ್ದ ಗಂಡಸರು ಗುಂಪಾಗಿ ಒತ್ತಿದರು, ಹೆಂಗಸರು ಅವರಿಗೆ ಅಡ್ಡ ಬಂದರು. ಬೀಗದ ಕೈ ಇದ್ದದ್ದು ಶಶಿಯ ಸೊಂಟದಲ್ಲಿ. ಅವಳ ಮುಖ ಬಿಳಿಚಿತ್ತು.

"ಶಶಿ, ಬಾಗಿಲು ತೆಗಿ" ಎಂದೆ ನಾನು ಕನ್ನಡದಲ್ಲಿ. ಉಳಿದವರಿಗೆ ತಿಳಿಯಬಾರದಲ್ಲ.

"ಅಕ್ಕಾ, ನೀ ಸುಮ್ಮನಿರು" ಎಂದಳು. "ಇದು ನನ್ನ ಮನಿ ಕಪಾಟಲ್ಲ. ಇಷ್ಟೂ ಹೆಣ್ಮಕ್ಕಳದು."

ನಾನು ಹೋಗಿ ಅಪ್ಪಯಮ್ಮನ ಪಕ್ಕ ಕೂತೆ. ಹಣೆಗೆ ವಿಭೂತಿ ಇಟ್ಟು ಒಂದು ಚಾಪೆಯ ಮೇಲೆ ಮಲಗಿಸಿದ್ದರು. ನೊಣ ಓಡಿಸುತ್ತ ಯೋಚಿಸಿದೆ. ಪೈಡಮ್ಮ ಹೇಳಿದ್ದರಲ್ಲಿ ಸುಳ್ಳು ಯಾವುದು? ಆ ಕೋಣೆಯಲ್ಲಿ ಊರಿನ ಇಡೀ ಬೆಳೆ ಇದೆ. ಹೊಲದಲ್ಲಿ ಉಳಿದದ್ದೆಲ್ಲ ನೆಲಕಚ್ಚಿದೆ. ಇದೂ ಹೋದರೆ ಮುಂದಿನ ಬೆಳೆಯ ತನಕ ಏನೂ ಇಲ್ಲ. ಆ ಕಡೆ ಒಬ್ಬ ಹುಡುಗಿ ರೈಲು ನಿಲ್ದಾಣದಲ್ಲಿ ನಿಂತಿದ್ದಾಳೆ, ನನ್ನ ಮಾತು ನಂಬಿಕೊಂಡು. ಯಾವುದು ದೊಡ್ಡದು? ಸತ್ತವಳ ಮುಂದೆ ಕೂತು ಬದನೆಕಾಯಿಯ ಲೆಕ್ಕ ಹಾಕುತ್ತಿದ್ದೇನೆ ಎಂದು ನಾಚಿಕೆಯಾಯಿತು.

ದಾರಿ ತೋರಿಸಿದ್ದು ಬಸವರಾಜ. "ಆಕಿ ಒಳಗ ಹೋಗೂದು ಬ್ಯಾಡ. ಥಂಡಿನ ಹೊರಗ ಬರಲಿ" ಎಂದ. ಆಮೇಲೆ ಅದನ್ನೇ ಮುರುಕು ತೆಲುಗಿನಲ್ಲಿ ಎಲ್ಲರಿಗೂ ಹೇಳಿದ. ನೀಲಿ ಹಲಗೆಗಳಲ್ಲಿ ಅರ್ಧ ತೆಗೆಯೋಣ. ತಾಡಪಾಲಿನಲ್ಲಿ ಸುತ್ತಿ ಅವಳ ಸುತ್ತ ಇಡೋಣ. ಮೇಲೆ ಭತ್ತದ ಹುಲ್ಲು. ನಾಳೆಯ ತನಕ ತಡೆಯಬಹುದು.

"ಉಳಿದರ್ಧ ಹಲಗೆಗೆ ಕೋಣೆ ತಡೆಯುತ್ತಾ?" ಪೈಡಮ್ಮ ಕೇಳಿದಳು.

"ನಾಳೆ ಬಿಸಿಲು ಬಂದರೆ ತಡೆಯುತ್ತೆ."

"ಬರದಿದ್ದರೆ?"

ಬಸವರಾಜ ಮೇಲೆ ನೋಡಿದ. ಎಲ್ಲರೂ ಮೇಲೆ ನೋಡಿದೆವು. ಬೂದು ಮೋಡ.

ಹೆಂಗಸರು ಬೇವಿನ ಮರದ ಕೆಳಗೆ ವೃತ್ತವಾಗಿ ಕೂತರು. ಗಂಡಸರನ್ನು ದೂರ ನಿಲ್ಲಿಸಿದರು. ಒಬ್ಬಳು ಆಗದು ಎಂದಳು. ಅವಳ ಮನೆಯ ಛಾವಣಿ ಹಾರಿಹೋಗಿತ್ತು, ಇದ್ದದ್ದು ಆ ಟೊಮೆಟೊ ಮಾತ್ರ. ಇನ್ನೊಬ್ಬಳು, "ನಾನು ಸತ್ತರೆ ನನ್ನ ಮಗ ಬರೋತನಕ ನೀವೆಲ್ಲ ಹೀಗೇ ಕೂತು ಮಾತಾಡ್ತೀರಾ?" ಎಂದು ಕೇಳಿದಳು. ಒಬ್ಬಳು ಕಣ್ಣೊರೆಸಿಕೊಂಡು ಆಗಲಿ ಎಂದಳು. ಮತ್ತೊಬ್ಬಳು ತಲೆಯಾಡಿಸಿದಳು. ಛಾವಣಿ ಹಾರಿದವಳು ನೆಲ ನೋಡುತ್ತ, "ಸರಿ" ಎಂದಳು.

ಕೊನೆಗೆ ಪೈಡಮ್ಮ ಎದ್ದಳು. "ಕೊಡೋಣ. ಆದರೆ ಹೊರಗೆ ಹೋದ ಹಲಗೆ ಮತ್ತೆ ಒಳಗೆ ಬರಬಾರದು. ತೊಳೆದರೂ ಬರಬಾರದು. ಯಾರಾದರೂ ಕೇಳಿದರೆ ನಾನು ದೇವರ ಮೇಲೆ ಆಣೆ ಮಾಡಿ ಹೇಳೋ ಹಾಗಿರಬೇಕು."

ಅಂದರೆ? ಹೊಸ ಹಲಗೆ ಬರುವ ತನಕ, ವಾರಗಟ್ಟಲೆ ಆ ಕೋಣೆಗೆ ರಾತ್ರಿಯ ಥಂಡಿ ಅರ್ಧ. ಅದು ಗೊತ್ತಿದ್ದೇ ಒಪ್ಪಿದರು.

ಆಮೇಲೆ ಪೈಡಮ್ಮ ಬಾಗಿಲು ತೆಗೆಸಿದಳು. ಹೊರೆ ಕಡಿಮೆಯಾದರೆ ಉಳಿದದ್ದಾದರೂ ಬದುಕಲಿ ಎಂದು ಸೊಪ್ಪಿನ ಕ್ರೇಟುಗಳನ್ನು ಹೊರಗೆ ಹಾಕಿಸಿದಳು, ಊರೆಲ್ಲ ಒಯ್ದು ಬೇಯಿಸಿಕೊಳ್ಳಿ ಎಂದಳು. ಯಾರೋ ಅಪ್ಪಯಮ್ಮನ ಅವರೆಕಾಯಿಗೆ ಕೈ ಹಾಕಿದರು. "ಅದನ್ನು ಮುಟ್ಟಬೇಡಿ. ಅದೀಗ ದೇವಿದು" ಎಂದು ಗದರಿದಳು.

ಹಲಗೆಗಳು ಒಂದೊಂದಾಗಿ ಹೊರಬಂದವು. ಮೈಯೆಲ್ಲ ಬಿಳಿ ಹಿಮ, ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಅಪ್ಪಯಮ್ಮನ ಮನೆಯ ಹಜಾರದಲ್ಲಿ ಹುಲ್ಲು ಹಾಸಿ ಅವಳನ್ನು ಮಲಗಿಸಿ ಸುತ್ತ ಜೋಡಿಸಿದೆವು. ಎರ್ರಯ್ಯ ಕೊನೆಯ ಹಲಗೆ ಇಡುವಾಗ ಪೈಡಮ್ಮನ ಕಡೆ ನೋಡಿದ. ಅವಳು ನೋಡಲಿಲ್ಲ. ಗೆಳತಿಯ ಕಾಲ ಬಳಿ ಹುಲ್ಲು ಸರಿ ಮಾಡುತ್ತಿದ್ದಳು.

ಬೆಳಗಾಯಿತು. ಮೋಡ ಇನ್ನೂ ಕಟ್ಟಿಕೊಂಡೇ ಇತ್ತು.

ಕೋಲ್ಡ್ ರೂಮಿನ ಹೊರಗೋಡೆಗೆ ಒಂದು ಮೀಟರ್ ಇದೆ, ಒಳಗಿನ ಟೆಂಪರೇಚರ್ ತೋರಿಸುತ್ತದೆ. ಹೆಂಗಸರು ಅದರ ಮುಂದೆ ಕ್ರಿಕೆಟ್ ಸ್ಕೋರ್ ನೋಡುವವರ ಹಾಗೆ ನಿಂತಿದ್ದರು. ಅಂಕೆ ಏರುತ್ತಿತ್ತು. ಶಶಿ ಬಾಗಿಲಿಗೆ ಬೀಗ ಹಾಕಿ, ಯಾರು ಏನೇ ಹೇಳಿದರೂ ತೆಗೆಯುವುದಿಲ್ಲ ಎಂದು ಕೂತಳು. ಬಸವರಾಜ ಮೇಲೆ ಹತ್ತಿ ಪ್ಯಾನೆಲ್ಲುಗಳ ಮೇಲಿನ ಉಪ್ಪು, ಎಲೆ, ಕೆಸರನ್ನೆಲ್ಲ ತನ್ನ ಟವಲಿನಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಸುಮ್ಮನೆ ಕೂರಲಾಗದವನಿಗೆ ಏನಾದರೂ ಕೆಲಸ ಬೇಕಲ್ಲ!

ನಾನು ದಿಬ್ಬಕ್ಕೂ ಹಜಾರಕ್ಕೂ ಓಡಾಡುತ್ತಿದ್ದೆ. ದೇವಿ ವೈಜಾಗಿನಲ್ಲಿ ಇಳಿದಿದ್ದಳು. ಬಸ್ಸಿಲ್ಲ. ಯಾವುದೋ ಆಟೋ ಹಿಡಿದಿದ್ದಳು. ರಸ್ತೆಗೆ ಮರ ಬಿದ್ದು ಆಟೋ ನಿಂತಿತು. ಮರ ದಾಟಿ ನಡೆಯುತ್ತಿದ್ದಳು. ಆಮೇಲೆ ಫೋನ್ ಸಿಗಲಿಲ್ಲ.

ಹಜಾರದಲ್ಲಿ ಹಲಗೆಗಳ ಮೇಲಿನ ಹಿಮ ಕರಗಿತ್ತು. ಅಲುಗಿಸಿದರೆ ಒಳಗೆ ನೀರು ಕುಲುಕುವ ಸದ್ದು. ಹಿರಿಯರೊಬ್ಬರು ಒಳಬಂದು ನೋಡಿ, ಅಗರಬತ್ತಿ ಹಚ್ಚಿದರು. ಅವರು ಯಾಕೆ ಹಚ್ಚಿದರೆಂದು ಎಲ್ಲರಿಗೂ ಗೊತ್ತಾಯಿತು.

"ಸಾಕಮ್ಮಾ" ಎಂದ ಎರ್ರಯ್ಯ ನನಗೆ. ನಿನ್ನೆ ಜಗಳಕ್ಕೆ ನಿಂತವನ ದನಿ ಇಳಿದುಹೋಗಿತ್ತು. "ಮಗಳು ಇದನ್ನು ನೋಡೋದಕ್ಕಿಂತ ನೋಡದೇ ಇರೋದು ಮೇಲು. ಎತ್ತಿಬಿಡೋಣ."

ನಾನು ಶಶಿಯ ಹತ್ತಿರ ಓಡಿದೆ. "ಉಳಿದ ಹಲಗಿ ಕೊಡು. ಬರೀ ಎರಡು. ಹುಡುಗಿ ಇಲ್ಲೇ ಎಲ್ಲೋ ಬಂದಾಳ."

"ಆಗಂಗಿಲ್ಲ ಅಕ್ಕಾ."

"ಶಶಿ, ನಾ ಮಾತು ಕೊಟ್ಟೀನಿ."

ಅವಳು ಎದ್ದು ನಿಂತಳು. ನನ್ನ ತಂಗಿ ನನಗೆ ದನಿ ಏರಿಸಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. "ನೀ ಕೊಟ್ಟ ಮಾತಿಗೆ ಅವರು ಅರ್ಧ ಕೊಟ್ಟಾರ. ಇನ್ನರ್ಧ ಕೇಳಾಕ ನಿನಗೇನು ಹಕ್ಕೈತಿ? ನೀ ನಾಳೆ ರೈಲು ಹತ್ತಿ ಹೋಗ್ತಿ. ಇವರು ಎಲ್ಲಿ ಹೋಗಬೇಕು?"

ನನಗೆ ಸಿಟ್ಟು ಬಂತು. ಕೆಟ್ಟ ಸಿಟ್ಟು. ಬೀಗದ ಕೈ ಕಿತ್ತುಕೊಳ್ಳುವಷ್ಟು. ಪೈಡಮ್ಮ ಸ್ವಲ್ಪ ದೂರದಲ್ಲಿ ನಿಂತು ನಮ್ಮಿಬ್ಬರನ್ನು ನೋಡುತ್ತಿದ್ದಳು. ಕನ್ನಡ ಬಾರದು ಅವಳಿಗೆ. ಆದರೆ ಏನು ನಡೆಯುತ್ತಿದೆಯೆಂದು ಪೂರ್ತಿ ತಿಳಿದಿತ್ತು. ಬಂದು ನನ್ನ ಮೊಣಕೈ ಹಿಡಿದಳು. "ಬನ್ನಿ ಅಮ್ಮಾ. ಗೆಡ್ಡದ ಹತ್ತಿರ ಹೋಗೋಣ. ಬಂದರೆ ದಾಟಿಸೋರು ಬೇಕಲ್ಲ."

ಹೋದೆವು. ನೀರು ಇನ್ನೂ ಕೆಂಪಗೆ ಸುತ್ತುತ್ತಿತ್ತು. ಎರ್ರಯ್ಯನೂ ಇಬ್ಬರು ಮೀನುಗಾರರೂ ಒಂದು ತೆಪ್ಪ ತಂದು ಹಗ್ಗ ಕಟ್ಟಿ ಕಾದರು. ನಾವು ಆಚೆ ದಡವನ್ನೇ ನೋಡುತ್ತ ನಿಂತೆವು. ಪೈಡಮ್ಮ ಒಮ್ಮೆ ಮಾತ್ರ ಬಾಯಿ ತೆರೆದಳು. "ನಾನು ಹೊರಬೇಕಿದ್ದ ಕ್ರೇಟನ್ನೂ ಅವಳಿಗೇ ಕೊಟ್ಟಿದ್ದೆ ಅಮ್ಮಾ. ನನಗೆ ಸೊಂಟ ನೋವಿತ್ತು" ಎಂದಳು. ನಾನು ಅವಳ ಕೈ ಹಿಡಿದುಕೊಂಡೆ.

ಮೊದಲು ಕಂಡದ್ದು ಹುಡುಗಿಯಲ್ಲ, ಬಿಸಿಲು. ನೀರಿನ ಮೇಲೆ ಒಂದು ಪಟ್ಟಿಯಂತೆ ಬಿತ್ತು, ಹೋಯಿತು, ಮತ್ತೆ ಬಂದು ನಿಂತಿತು. ಪೈಡಮ್ಮ ತಿರುಗಿ ಊರಿನ ಕಡೆ ಕಿವಿಗೊಟ್ಟಳು. ಅಷ್ಟು ದೂರಕ್ಕೆ ಮೆಷಿನ್ನಿನ ಸದ್ದು ಕೇಳುವುದಿಲ್ಲ. ಆದರೂ ಇಬ್ಬರೂ ಕೇಳಿಸಿಕೊಳ್ಳಲು ನಿಂತೆವು. ಯಾರೋ ಊರಿನಿಂದ ಓಡಿ ಬಂದು ಕೂಗಿದರು, "ಶುರುವಾಯ್ತು! ಅಂಕೆ ಇಳೀತಿದೆ!"

ಅದಾಗಿ ಬಹಳ ಹೊತ್ತಿನ ಮೇಲೆ ಆಚೆ ದಡದಲ್ಲಿ ದೇವಿ ಕಾಣಿಸಿದಳು. ಚಪ್ಪಲಿ ಕೈಯಲ್ಲಿತ್ತು. ಮೊಣಕಾಲಿನ ತನಕ ಕೆಸರು. ಎರ್ರಯ್ಯ ತೆಪ್ಪ ತೆಗೆದುಕೊಂಡು ಹೋಗಿ ಕರೆತಂದ. ಮಧ್ಯದಲ್ಲಿ ಒಮ್ಮೆ ತೆಪ್ಪ ವಾಲಿತು. ಪೈಡಮ್ಮ ನೀರಿಗಿಳಿದು ಹಗ್ಗ ಹಿಡಿದಳು. ಸೊಂಟ ನೋವಿದ್ದವಳು!

ಹಜಾರದಲ್ಲಿ ದೇವಿ ಅಮ್ಮನ ಮುಖ ನೋಡಿದಳು. ಹೌದು, ನೋಡುವ ಹಾಗಿತ್ತು. ಸ್ವಲ್ಪ ಕಪ್ಪಿಟ್ಟಿತ್ತು, ಆದರೆ ಅಪ್ಪಯಮ್ಮನೇ. ದೇವಿ ಅವಳ ಕೆನ್ನೆ ಮುಟ್ಟಿ, ಕೂದಲು ಸರಿಸಿ, ಆಮೇಲೆ ನಮ್ಮ ಕಡೆ ತಿರುಗಿ ಕೇಳಿದ ಮೊದಲ ಮಾತು ಇದು: "ಬೆಳಿಗ್ಗೆ ಏನಾದರೂ ತಿಂದಿದ್ದಳಾ?"

"ತಿಂದಿದ್ದಳು" ಎಂದಳು ಪೈಡಮ್ಮ. "ತಂಗಳನ್ನ, ಮಜ್ಜಿಗೆ, ಈರುಳ್ಳಿ. ನನ್ನ ಮನೆಯಲ್ಲೇ ತಿಂದಳು."

ಅಲ್ಲಿಯವರೆಗೆ ತಡೆದಿದ್ದ ಹುಡುಗಿ ಆಗ ಅತ್ತಳು. ಪೈಡಮ್ಮನ ಒದ್ದೆ ಸೀರೆಗೆ ಮುಖ ಹುದುಗಿಸಿ ಅತ್ತಳು. ಹೊತ್ತು ಮುಳುಗುವ ಮುಂಚೆ ಎಲ್ಲ ಮುಗಿಯಿತು.

ಇಲ್ಲಿಗೆ ಕಥೆ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಟೊಮೆಟೊ ಒಂದಷ್ಟು ಮೆತ್ತಗಾಗಿತ್ತು, ಉಳಿದಂತೆ ಬದನೆ, ಅವರೆ ಎಲ್ಲ ಉಳಿದಿತ್ತು. ಗೆದ್ದೆವು ಎಂದುಕೊಂಡೆವು.

ಗೆಡ್ಡ ಇಳಿದ ಮೇಲೆ ಹೆಂಗಸರು ತರಕಾರಿ ಹೊತ್ತು ಸಂತೆಗೆ ಹೋದರು. ನಾನೂ ಜೊತೆಗೆ ಹೋದೆ. ಗಾಳಿಮಳೆಯ ನಂತರ ತರಕಾರಿಗೆ ಎಲ್ಲೆಡೆ ಬರ. ಕೈಯಿಂದ ಕಿತ್ತುಕೊಳ್ಳಬೇಕಿತ್ತು ಜನ. ಆದರೆ ಸುದ್ದಿ ನಮಗಿಂತ ಮೊದಲೇ ಗೆಡ್ಡ ದಾಟಿತ್ತು. ಯಾವಾಗಲೂ ಕೊಳ್ಳುತ್ತಿದ್ದ ವ್ಯಾಪಾರಿ ಕ್ರೇಟಿನ ಮೇಲಿನ ಬಟ್ಟೆ ಸರಿಸಿ, ಹೊಳೆಯುವ ಬದನೆಕಾಯಿ ನೋಡಿ, ಬಟ್ಟೆ ಮತ್ತೆ ಮುಚ್ಚಿದ.

"ಹೆಣ ಇಟ್ಟ ಡಬ್ಬಿಯದ್ದಂತಲ್ಲಾ?"

"ಇಡಲಿಲ್ಲ!" ಎಂದೆ ನಾನು. "ಒಳಗೆ ಇಡಲೇ ಇಲ್ಲ. ನಾನು ಅಲ್ಲೇ ಇದ್ದೆ."

"ಇರಬಹುದು ಮೇಡಂ. ನಾನು ನಂಬ್ತೀನಿ. ಕೊಳ್ಳೋ ಜನ ನಂಬಬೇಕಲ್ಲ?"

ಪೈಡಮ್ಮ ಆಣೆ ಮಾಡಿದಳು, ಅಷ್ಟು ಎಚ್ಚರದಿಂದ ಕಾಪಾಡಿಕೊಂಡ ಆಣೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅವಳು ನನ್ನ ಕಡೆ ತಿರುಗಿದಳು. ಹೇಳಿದ್ದೆನಲ್ಲ ಎನ್ನುತ್ತಾಳೆಂದು ತಲೆ ತಗ್ಗಿಸಿದೆ. ಅವಳು ಕ್ರೇಟು ಎತ್ತಿ ತಲೆಯ ಮೇಲಿಟ್ಟುಕೊಂಡು ಹೊರಟಳು.

ಬಸವರಾಜ ವೈಜಾಗಿನಲ್ಲಿದ್ದ ತನ್ನ ಹಳೆಯ ನೇವಿ ಗೆಳೆಯರಿಗೆಲ್ಲ ಫೋನ್ ಮಾಡಿದ. ಮುಚ್ಚುಮರೆಯಿಲ್ಲದೆ ನಡೆದದ್ದು ಪೂರ್ತಿ ಹೇಳಿ, ಆಮೇಲೆ ಬರುತ್ತೀರಾ ಎಂದು ಕೇಳಿದ. ಕೆಲವರು ಚೀಲ ಹಿಡಿದು ಬಂದರು, ಹೆಂಡತಿಯರನ್ನೂ ಕರೆತಂದರು. ಕೆಲವರು ನೋಡೋಣ ಎಂದರು. (ನೋಡೋಣ ಎಂದರೆ ಏನರ್ಥವೆಂದು ನಿಮಗೆ ಗೊತ್ತು.) ಅವರೆಕಾಯಿ ಪೂರ್ತಿ ಹೋಯಿತು. ಪೈಡಮ್ಮ ಮೊದಲು ಮಾರಿಸಿದ್ದು ಅದನ್ನೇ. ಬದನೆಕಾಯಿ ಬಹಳ ಉಳಿಯಿತು. ಕೊನೆಗೆ ಅದು ರಸ್ತೆ ಬದಿಯ ಗುಂಡಿಗೆ ಹೋಯಿತು. ಸುಕ್ಕುಗಟ್ಟದ, ಬಾಡದ, ಹುಳ ಹಿಡಿಯದ ಒಳ್ಳೆಯ ಬದನೆಕಾಯಿ.

ಅದು ಅಲ್ಲಿ ಕೊಳೆತು ಗ್ಯಾಸ್ ಬಿಡುತ್ತದೆ. ಇಂಜಿನಿಯರ್ ಹೇಳಿದಂತೆ ಭೂಮಿ ಕಾಯುತ್ತದೆ. ಬಿಸಿಲಿನಿಂದ ಕೆಡುವುದನ್ನು ತಡೆಯಲು ಬಿಸಿಲಿನಿಂದಲೇ ನಡೆಯುವ ಮೆಷಿನ್ ಬಂತು. ಮಾತಿನಿಂದ ಕೆಡುವುದಕ್ಕೆ ಯಾವ ಪ್ಯಾನೆಲ್ ಹಾಕಿಸೋಣ?

ದೇವಿ ಹಾಸ್ಟೆಲ್ಲಿಗೆ ಮರಳಿದ್ದಾಳೆ. ಮೊನ್ನೆ ಭಾನುವಾರ ಬಂದಿದ್ದಳು. ಸಾರಿಗೆ ಹೆಸರಿಡಲಿಲ್ಲ, ಅದೇ ನನಗೆ ಕಷ್ಟವಾಯಿತು. ಶಶಿಯೂ ನಾನೂ ಮಾತಾಡುತ್ತೇವೆ, ಹಳೆಯ ಹಾಗೇ. ಆ ಬೆಳಗಿನ ಬಗ್ಗೆ ಮಾತ್ರ ಇಬ್ಬರೂ ಎತ್ತುವುದಿಲ್ಲ. ಅವಳು ಅಂದದ್ದು ಸರಿಯಾಗಿತ್ತು ಎಂದು ಇಲ್ಲಿ ನಿಮ್ಮ ಮುಂದೆ ಬರೆಯುವುದು ನನಗೆ ಸುಲಭ, ಅವಳಿಗೆ ಹೇಳುವುದು ಕಷ್ಟ.

ನಾನು ಬರುವಾಗ ಒಂದು ಚೀಲ ಬದನೆಕಾಯಿ ತಂದಿದ್ದೆ. ಎಣ್ಣೆಗಾಯಿ ಮಾಡಿ ನಮ್ಮ ಮನೆಯವರಿಗೆ ಬಡಿಸಿದೆ. ಕಥೆಯೆಲ್ಲ ಕೇಳಿ ಕಣ್ಣೊರೆಸಿಕೊಂಡಿದ್ದ ಮನುಷ್ಯ ಅವರು, ಆ ವ್ಯಾಪಾರಿಯನ್ನು ಬೈದಿದ್ದವರು. ತಟ್ಟೆಯಲ್ಲಿದ್ದ ಬದನೆಕಾಯಿಯನ್ನು ಬೆರಳಿನಿಂದ ಹೊರಳಿಸಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಇವು ಅವೇನಾ?"

ತಿಂದರು. ಆದರೆ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ನೀವಾಗಿದ್ದರೆ, ನಿಜ ಹೇಳಿ, ಹಾಕಿಸಿಕೊಳ್ಳುತ್ತಿದ್ದಿರಾ?